ಚೀಲ ಬಿಟ್ಟು ತೂತು ಮುಚ್ಚಿದೆವು: ದಾವಣಗೆರೆಯಲ್ಲಿ ನನ್ನ ಅನುಭವ

ಬೆನ್ನುಹುರಿಯ ಎಕ್ಸ್‌ಟ್ರಾಡ್ಯೂರಲ್ ಅರಾಕ್ನಾಯ್ಡ್ ಸಿಸ್ಟ್, ಅಂದರೆ ಹುರಿಯ ಹೊದಿಕೆಯ ಹೊರಗೆ ಬೆಳೆದು ಹುರಿಯನ್ನು ಒತ್ತುವ ನೀರಿನ ಚೀಲ, ನಾಲ್ಕೈದು ಲೆವೆಲ್ (ಬೆನ್ನೆಲುಬಿನ ಮಣಿ) ಉದ್ದ ಇದ್ದರೂ ಪೂರ್ತಿ ಕಿತ್ತು ತೆಗೆಯಬೇಕಿಲ್ಲ. ಡ್ಯೂರಾದಲ್ಲಿರುವ (ಹುರಿಯ ಗಟ್ಟಿ ಹೊದಿಕೆಯಲ್ಲಿರುವ) ತೂತು ಹುಡುಕಿ ಮುಚ್ಚಿದರೆ ಸಾಕು. ಯೋಚನೆ ನನ್ನದಲ್ಲ, ಜಪಾನ್, ಕೊರಿಯಾದ ಸರ್ಜನ್‌ಗಳು ಮಾಡಿ ತೋರಿಸಿದ್ದಾರೆ. ಆದರೆ ಒಂದೇ ಲೆವೆಲ್ ತೆರೆದು ದಾವಣಗೆರೆಯಲ್ಲೇ ಮಾಡ್ತೀನಿ ಅಂದಾಗ ನಮ್ಮವರೇ ನಂಬಲಿಲ್ಲ. "ಸುಮ್ನೆ ನಿಮ್ಹಾನ್ಸ್‌ಗೆ ಕಳಿಸಿ ಸಾರ್" ಅಂದವರೇ ಜಾಸ್ತಿ. ಈಗ ಅವರೇ ಫಿಲ್ಮ್ ಹಿಡಿದು ಬರುತ್ತಾರೆ.

ಹಳೆಯ ದಾರಿ ನಿಮಗೆ ಗೊತ್ತೇ ಇದೆ. ಉದ್ದಕ್ಕೆ ಲ್ಯಾಮಿನೆಕ್ಟಮಿ (ಮಣಿಗಳ ಹಿಂಬದಿಯ ಎಲುಬು ತೆಗೆಯುವುದು), ನರದ ಬೇರಿಗೆ ಅಂಟಿದ ಚೀಲದ ಗೋಡೆ ಬಿಡಿಸುವ ಕಷ್ಟ, ಡ್ಯೂರಾದ ಹೊರಗಿನ ರಕ್ತನಾಳಗಳ ಕಾಟ. ಈ ಕಾಯಿಲೆ ಹರೆಯದ ಮಕ್ಕಳಲ್ಲೇ ಹೆಚ್ಚು. ಅಷ್ಟು ಎಲುಬು ತೆಗೆದರೆ ಮುಂದೆ ಬೆನ್ನು ಗೂನಾಗುವ ಭಯ ಬೇರೆ. ಬರೀ ಚೀಲ ಕತ್ತರಿಸಿ ನೀರು ಬಿಟ್ಟರೆ ಮತ್ತೆ ತುಂಬುತ್ತದೆ. ಜಗಳೂರು ಕಡೆಯ ಹುಡುಗನೊಬ್ಬನಿಗೆ ಬೇರೊಂದು ಊರಲ್ಲಿ ಹಾಗೇ ಮಾಡಿದ್ದರು. ವರ್ಷದೊಳಗೆ ಕಾಲು ಮತ್ತೆ ಸೆಟೆದುಕೊಂಡವು. ಮನೆಯವರ ಎರಡು ವರ್ಷದ ಮೆಕ್ಕೆಜೋಳದ ದುಡ್ಡು ಅದಕ್ಕೇ ಹೋಗಿತ್ತು. ನಾನು ಹಟ ಹಿಡಿದದ್ದು ಅವನನ್ನು ನೋಡಿದ ಮೇಲೆಯೇ.

ಕಾರಣ ಸರಳ. ಬಹುತೇಕ ಹುಟ್ಟಿನಿಂದಲೇ ಡ್ಯೂರಾ ಒಂದು ಕಡೆ, ಸಾಮಾನ್ಯವಾಗಿ ನರದ ಬೇರು ಹೊರಬರುವ ಜಾಗದ ಹತ್ತಿರ, ತೆಳ್ಳಗಿರುತ್ತದೆ. ಕೆಮ್ಮಿದಾಗ, ತಿಣುಕಿದಾಗ ಹುರಿಯ ಸುತ್ತಲಿನ ನೀರು ಅಲ್ಲಿಯ ತೂತಿನಿಂದ ಚೀಲದೊಳಗೆ ನುಗ್ಗುತ್ತದೆ. ಸೈಕಲ್ ಟ್ಯೂಬಿನ ವಾಲ್ವ್‌ನಂತೆ ವಾಪಸ್ ಬರುವುದಿಲ್ಲ. ಕೆಲವರಿಗೆ ಪೆಟ್ಟು ಬಿದ್ದ ಮೇಲೂ ಬರುತ್ತದೆ. ಹಾಂ, ರೋಗಿಯ ಕಣ್ಣುರೆಪ್ಪೆ ನೋಡುವುದನ್ನು ಮರೆಯಬೇಡಿ. ಎರಡು ಸಾಲು ಕೂದಲಿದ್ದು ಕಾಲು ಬಾತಿದ್ದರೆ ಅದು ಎಫ್‌ಒಎಕ್ಸ್‌ಸಿ2 ಎಂಬ ಜೀನಿನ ದೋಷ ವಂಶದಲ್ಲೇ ಬಂದ ಕುಟುಂಬ ಇರಬಹುದು. ಅಂಥವರಲ್ಲಿ ತೂತು ಒಂದಕ್ಕಿಂತ ಹೆಚ್ಚಿರಬಹುದು.

ತೂತು ಹುಡುಕುವುದೇ ನಿಜವಾದ ಕೆಲಸ. ಮಾಮೂಲಿ ಎಂಆರ್‌ಐನಲ್ಲಿ ಚೀಲ ಕಾಣುತ್ತದೆ, ತೂತು ಕಾಣುವುದಿಲ್ಲ. ನೀರಿನ ಓಟವನ್ನು ಸಿನಿಮಾದಂತೆ ತೋರಿಸುವ ಸಿನಿ ಎಂಆರ್‌ಐ ಮಾಡಿಸಲು ಸ್ಕ್ಯಾನ್ ಸೆಂಟರಿನವರ ಜತೆ ಗುದ್ದಾಡಬೇಕಾಯಿತು. ಕೊನೆಗೆ ಕೈ ಹಿಡಿದದ್ದು ಸಿಟಿ ಮೈಲೋಗ್ರಾಮ್, ಅಂದರೆ ಹುರಿಯ ಸುತ್ತಲಿನ ನೀರಿಗೆ ಡೈ ಹಾಕಿ ತೆಗೆಯುವ ಸಿಟಿ ಸ್ಕ್ಯಾನ್.  ಡೈ ಹಾಕಿದ ತಕ್ಷಣದ ಚಿತ್ರವೇ ಮುಖ್ಯ. ತಡವಾದರೆ ಚೀಲವೆಲ್ಲ ಬೆಳ್ಳಗಾಗಿ ಏನೂ ತಿಳಿಯುವುದಿಲ್ಲ. ನನ್ನ ಕೇಸುಗಳಲ್ಲಿ ಹೆಚ್ಚಿನ ತೂತುಗಳು ಟಿ12–ಎಲ್1 (ಎದೆಯ ಕೊನೆಯ ಮಣಿ, ಸೊಂಟದ ಮೊದಲ ಮಣಿ) ಸುತ್ತಮುತ್ತಲೇ ಸಿಕ್ಕವು.

ಥಿಯೇಟರಿನಲ್ಲಿ ಅರಿವಳಿಕೆಯವರಿಗೆ ಹೇಳಿ ವಾಲ್ಸಾಲ್ವಾ (ಉಸಿರು ತಡೆದು ಎದೆಯೊಳಗಿನ ಒತ್ತಡ ಏರಿಸುವುದು) ಕೊಡಿಸಿದರೆ ನೀರು ಉಕ್ಕುವ ಜಾಗ ಕಣ್ಣಿಗೇ ಕಾಣುತ್ತದೆ. ತೂತಿನಲ್ಲಿ ನರದ ಎಳೆ ಸಿಕ್ಕಿಕೊಂಡಿರಬಹುದು. ಅದನ್ನು ಒಳಗೆ ತಳ್ಳಿಯೇ ಹೊಲಿಯಬೇಕು. ನಾನು 6-0 ಪ್ರೋಲೀನ್ ಎಂಬ ತೆಳು ದಾರ ಬಳಸುತ್ತೇನೆ. ಅಷ್ಟು ಕಿರಿದಾದ ಜಾಗದಲ್ಲಿ ಸೂಜಿ ತಿರುಗಿಸಲು ನನ್ನದೊಂದು ಉಪಾಯವಿದೆ. ಅದನ್ನು ಬರೆಯಲ್ಲ, ಬಂದರೆ ತೋರಿಸುತ್ತೇನೆ. ಹೊಲಿಗೆಯ ಮೇಲೆ ಸೋರದಂತೆ ಹಚ್ಚುವ ಫೈಬ್ರಿನ್ ಅಂಟು ದುಬಾರಿಯಾಗುತ್ತಿತ್ತು. ಹೊಲಿಗೆ ಬಿಗಿಯಾಗಿದ್ದವರಿಗೆ ಅದನ್ನು ಬಿಟ್ಟು, ಗಾಯದಲ್ಲೇ ಸಿಗುವ ಕೊಬ್ಬಿನ ಚೂರು ಇಟ್ಟು ನೋಡಿದೆ. ಸೋರಲಿಲ್ಲ. ಅಲ್ಟ್ರಾಸೌಂಡ್ ಪ್ರೋಬಿಗೆ ಗ್ಲೌಸ್ ಹಾಕಿ ತೂತು ಹುಡುಕಲೂ ನೋಡಿದೆ. ಚೀಲದ ಉದ್ದ ಚೆನ್ನಾಗಿ ಕಂಡಿತು, ತೂತು ಕಾಣಲೇ ಇಲ್ಲ.

ಒಂದು ಎಚ್ಚರಿಕೆ. ಚಳ್ಳಕೆರೆ, ಹಿರಿಯೂರು ಕಡೆಯ ಕುರಿ ಸಾಕುವ ಮನೆಯವರಾದರೆ, ಮನೆಯಲ್ಲಿ ನಾಯಿಯೂ ಇದ್ದರೆ, ಮೊದಲು ಹೈಡಾಟಿಡ್ (ನಾಯಿಯಿಂದ ಹರಡುವ ಲಾಡಿಹುಳದ ಗುಳ್ಳೆ) ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಎಂಆರ್‌ಐನಲ್ಲಿ ಅದೂ ನೀರಿನ ಹಾಗೇ ಕಾಣುತ್ತದೆ. ಎಲುಬು ತಿಂದಿದ್ದರೆ, ಗುಳ್ಳೆ ಹಲವಾರಿದ್ದರೆ ಸೂಜಿ ಚುಚ್ಚಲೇಬೇಡಿ. ಒಡೆದರೆ ಹರಡುತ್ತದೆ. ಅದಕ್ಕೆ ಹುಳದ ಔಷಧಿ ಆಲ್ಬೆಂಡಜೋಲ್ ಜತೆ ಬೇರೆಯದೇ ಆಪರೇಷನ್. ಡ್ಯೂರಾದ ಒಳಗಿನ ಸಿಸ್ಟ್‌ಗೂ ನನ್ನ ವಿಧಾನ ನಡೆಯಲ್ಲ.

ಜಗಳೂರಿನ ಹುಡುಗ ಈಗ ಹಿಡಿದುಕೊಳ್ಳದೆ ನಡೆಯುತ್ತಾನೆ, ಮೆಟ್ಟಿಲು ಹತ್ತುತ್ತಾನೆ. ಆರು ತಿಂಗಳ ಸ್ಕ್ಯಾನ್‌ನಲ್ಲಿ ಚೀಲ ಇನ್ನೂ ಸ್ವಲ್ಪ ಕಾಣುತ್ತಿತ್ತು. ಹುರಿಯ ಮೇಲೆ ಒತ್ತಡ ಇಲ್ಲದಿದ್ದರೆ ಅದಕ್ಕೆ ಮತ್ತೆ ಕೈ ಹಾಕಬೇಡಿ.