ಗಟ್ಟಿ ಮೊಸರಿನ ಗುಟ್ಟು ಹಾಲು ಕಾಯಿಸುವುದರಲ್ಲಿದೆ

ಮೊಸರು ಗಟ್ಟಿಯಾಗಿ ಬರಬೇಕಾದರೆ ಒಳ್ಳೆಯ ಹೆಪ್ಪು ಬೇಕು ಎನ್ನುವುದು ಎಲ್ಲರೂ ಹೇಳುವ ಮಾತು. ಅದು ಸುಳ್ಳಲ್ಲ. ಆದರೆ ಬಹುಕಾಲದಿಂದ ಥರ್ಮಾಮೀಟರ್ ಹಿಡಿದು ಮನೆಯಲ್ಲಿ ಮೊಸರು ಮಾಡುತ್ತಾ ಬಂದಿರುವ ನನ್ನ ಅನುಭವದಲ್ಲಿ, ಅದರ ಗಟ್ಟಿತನ ಹೆಪ್ಪು ಹಾಕುವುದಕ್ಕೆ ಮೊದಲೇ, ಹಾಲು ಇನ್ನೂ ಒಲೆಯ ಮೇಲಿರುವಾಗಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ.

ಇದನ್ನು ಕಣ್ಣಾರೆ ನೋಡಲು ಪ್ಯಾಶ್ಚರೀಕರಿಸಿದ ಹಾಲನ್ನು ಎರಡು ಪಾಲು ಮಾಡಿದೆ. ಒಂದನ್ನು 43 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ಬೆಚ್ಚಗಾಗಿಸಿದೆ. ಇನ್ನೊಂದನ್ನು 85 ಡಿಗ್ರಿಗೆ ಏರಿಸಿ, ತಳ ಹಿಡಿಯದಂತೆ ಕೈಯಾಡಿಸುತ್ತಾ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಅದೇ ಶಾಖದಲ್ಲಿ ಉಳಿಸಿ, ಆವಿಯಾಗಿ ಹೋದಷ್ಟು ನೀರನ್ನು ತೂಕ ನೋಡಿ ಮತ್ತೆ ಸೇರಿಸಿ, 43 ಡಿಗ್ರಿಗೆ ಆರಿಸಿಕೊಂಡೆ. ನೀರು ಸೇರಿಸದಿದ್ದರೆ ಹಾಲು ಬತ್ತಿದ್ದರಿಂದಲೇ ಮೊಸರು ಗಟ್ಟಿಯಾಯಿತೆಂದು ಯಾರಾದರೂ ವಾದಿಸಬಹುದಿತ್ತು. ಹೆಪ್ಪು, ಅದರ ಅಳತೆ, ಪಾತ್ರೆ ಇಟ್ಟ ಜಾಗ ಎಲ್ಲವೂ ಒಂದೇ.

ಮೊದಲನೆಯ ಮೊಸರಿಗೆ ಚಮಚ ತಾಗಿಸಿದೊಡನೆ ಅದು ಒಡೆದು, ಗುಳಿಯಲ್ಲಿ ಹಸಿರು ಛಾಯೆಯ ತಿಳಿನೀರು ತುಂಬಿಕೊಂಡಿತು. ಎರಡನೆಯದರಲ್ಲಿ ಚಮಚ ಕೊರೆದ ಗುಳಿಯ ಅಂಚು ಕುಸಿಯದೆ ನಿಂತಿತು. ನೀರು ಬಿಟ್ಟದ್ದು ತೀರಾ ಕಡಿಮೆ.

ಕಾರಣ ಹಾಲಿನ ಪ್ರೋಟೀನುಗಳಲ್ಲಿದೆ. ಕೇಸೀನ್ ಎಂಬ ಪ್ರೋಟೀನು ಅತಿ ಸೂಕ್ಷ್ಮ ಉಂಡೆಗಳಾಗಿ ಹಾಲಿನಲ್ಲಿ ತೇಲುತ್ತಿರುತ್ತದೆ, ಮತ್ತು ಆ ಉಂಡೆಗಳ ಮೇಲಿನ ಋಣ ವಿದ್ಯುದಾವೇಶ ಅವು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಹೆಪ್ಪಿನ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತಾ ಹೋದಂತೆ ಹಾಲಿನ ಪಿಎಚ್ (ಆಮ್ಲೀಯತೆಯ ಅಳತೆ; ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 6.7ರಿಂದ 4.6ರ ಕಡೆಗೆ ಇಳಿಯುತ್ತದೆ. ಆಗ ಆವೇಶ ಕಳೆದುಕೊಂಡ ಉಂಡೆಗಳು ಕೂಡಿಕೊಂಡು ಜಾಲವಾಗುತ್ತವೆ. ಇಷ್ಟೇ ನಡೆದರೂ ಮೊಸರಾಗುತ್ತದೆ, ಆದರೆ ಜಾಲ ದುರ್ಬಲವಾಗಿರುತ್ತದೆ. ತಿಳಿನೀರಿನಲ್ಲಿ ಕರಗಿರುವ ಬೀಟಾ-ಲ್ಯಾಕ್ಟೋಗ್ಲಾಬ್ಯುಲಿನ್ ಎಂಬ ಇನ್ನೊಂದು ಪ್ರೋಟೀನು 70 ಡಿಗ್ರಿ ದಾಟಿದ ಮೇಲೆ ತನ್ನ ಮಡಿಕೆ ಬಿಚ್ಚಿಕೊಂಡು ಕೇಸೀನ್ ಉಂಡೆಗಳಿಗೆ ಹತ್ತಿಕೊಳ್ಳುವುದರಿಂದ, ಮುಂದೆ ಕಟ್ಟುವ ಜಾಲದ ಕೊಂಡಿಗಳು ಹೆಚ್ಚಾಗಿ ಅದು ನೀರನ್ನು ಬಿಗಿಯಾಗಿ ಹಿಡಿದಿಡುತ್ತದೆ. ಪ್ಯಾಶ್ಚರೀಕರಣದಲ್ಲಿ ಸಾಮಾನ್ಯವಾಗಿ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಮಾತ್ರ ಇಡುತ್ತಾರೆ; ಈ ಬದಲಾವಣೆಗೆ ಅದು ಏನೇನೂ ಸಾಲದು. ಉಕ್ಕಿ ಬಂದೊಡನೆ ಒಲೆ ಆರಿಸಿದರೂ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಹೆಪ್ಪಿಗೇ ಎಲ್ಲ ಶ್ರೇಯ ಸಂದದ್ದಕ್ಕೆ ಇತಿಹಾಸವೂ ಕಾರಣವೆಂದು ನನಗನಿಸುತ್ತದೆ. ಈಗಿನ ಟರ್ಕಿಯ ವಾಯವ್ಯ ಭಾಗದಲ್ಲಿ ಸಿಕ್ಕ, ಕ್ರಿ.ಪೂ. 7ನೆಯ ಸಹಸ್ರಮಾನದ ಮಡಕೆಗಳಲ್ಲಿ ಹಾಲಿನ ಕೊಬ್ಬಿನ ಅಂಶ ಪತ್ತೆಯಾಗಿದೆ. ಹಾಲಿನ ಬಳಕೆ ಅಷ್ಟು ಹಳೆಯದಾದರೂ, ಹಾಲು ಹುಳಿಯುವುದು ಜೀವಿಗಳ ಕೆಲಸವೆಂದು ಲೂಯಿ ಪ್ಯಾಶ್ಚರ್ ತೋರಿಸಿದ್ದು 1857ರಲ್ಲಿ. 1905ರಲ್ಲಿ ಬಲ್ಗೇರಿಯಾದ ಸ್ಟಾಮೆನ್ ಗ್ರಿಗೊರೊವ್ ಜಿನೀವಾದಲ್ಲಿ ಮೊಸರಿನ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಅದು ಮುಪ್ಪನ್ನು ಮುಂದೂಡಬಲ್ಲದೆಂದು ರಷ್ಯಾ ಮೂಲದ ಜೀವವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ಪ್ರತಿಪಾದಿಸಿದ ಮೇಲಂತೂ ಜಗತ್ತಿನ ಗಮನವೆಲ್ಲ ಬ್ಯಾಕ್ಟೀರಿಯಾದ ಮೇಲೆಯೇ ನೆಟ್ಟಿತು.

ಈಗ ನಾನು ಲೀಟರು ಹಾಲಿಗೆ ಒಂದು ದೊಡ್ಡ ಚಮಚ ಹೆಪ್ಪನ್ನಷ್ಟೇ ಕದಡಿ ಹಾಕುತ್ತೇನೆ. ಹೆಪ್ಪು ಹೆಚ್ಚಾದರೆ ಆಮ್ಲ ಬೇಗ ಹುಟ್ಟಿ ಮೊಸರು ತರಿತರಿಯಾಗುತ್ತದೆ. ಹೆಪ್ಪುಗಟ್ಟುವವರೆಗೆ ಪಾತ್ರೆಯನ್ನು ಅಲುಗಿಸುವುದಿಲ್ಲ, ಏಕೆಂದರೆ ಎಳೆಯ ಜಾಲ ಒಮ್ಮೆ ಹರಿದರೆ ಮೊದಲಿನಂತೆ ಕೂಡಿಕೊಳ್ಳುವುದಿಲ್ಲ. ಗಟ್ಟಿಯಾದ ಕೂಡಲೇ ಫ್ರಿಜ್ಜಿಗೆ ಸೇರಿಸುತ್ತೇನೆ. ತಂಪಿನಲ್ಲಿ ಬ್ಯಾಕ್ಟೀರಿಯಾಗಳ ಚಟುವಟಿಕೆ ಕುಗ್ಗುವುದರಿಂದ ಹುಳಿ ಏರುವುದು ನಿಧಾನವಾಗುತ್ತದೆ.