ಮನೆಯಲ್ಲಾದ ಸಾವು: 'ಹಾರ್ಟ್ ಅಟ್ಯಾಕ್' ಎಂದು ಬರೆಯುವ ಮುನ್ನ

ರಾತ್ರಿ ಮಲಗಿದವರು ಬೆಳಗ್ಗೆ ಏಳದಿದ್ದರೆ ಊರೆಲ್ಲ 'ಹಾರ್ಟ್ ಅಟ್ಯಾಕ್' ಅಂದುಬಿಡುತ್ತದೆ. ಅಲ್ಲಗಳೆಯೋಣವೆಂದರೆ ಕೈಯಲ್ಲಿ ಕಾಗದವಿರುವುದಿಲ್ಲ: 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ಪ್ರಮಾಣೀಕರಿಸಿದ್ದು ಶೇ 22.5 ಮಾತ್ರ. ಉಳಿದವುಗಳಿಗೆ ಇರುವ ದಾರಿ ಮೌಖಿಕ ಶವಪರೀಕ್ಷೆ, ಅಂದರೆ ಮನೆಯವರನ್ನು ಕೇಳಿ ಬರೆದುಕೊಳ್ಳುವುದು. ಕೇಳುವವರು ಆರೋಗ್ಯ ಕಾರ್ಯಕರ್ತರು. ಕಾರಣ ತೀರ್ಮಾನಿಸುವವರು ವೈದ್ಯರು.

ತಿಥಿಗೆ ಮೊದಲು ಹೋಗಬೇಡಿ. ತೀರಾ ತಡ ಮಾಡಿದರೆ ನೆನಪು ಮಸುಕಾಗುತ್ತದೆ. ಮಾತಾಡಲು ಮುಂದೆ ಬರುವವನು ಸಾಮಾನ್ಯವಾಗಿ ಊರಿಂದ ಬಂದ ಹಿರಿಮಗ; ಆದರೆ ಆ ರಾತ್ರಿ ಬಿಸಿನೀರು ಕೊಟ್ಟು ಬೆನ್ನು ತಿಕ್ಕಿದ್ದು ಸೊಸೆ. ಕೊನೆಯ 24 ಗಂಟೆ ಜೊತೆಗಿದ್ದವರು ಯಾರೋ ಅವರನ್ನೇ ಕೂರಿಸಿ.

ಮೊದಲ ಪ್ರಶ್ನೆ 'ಎದೆನೋವಿತ್ತಾ?' ಆಗಬಾರದು. ಹಾಗೆ ಕೇಳಿದರೆ ಹತ್ತರಲ್ಲಿ ಎಂಟು ಮನೆಯಲ್ಲಿ 'ಹೂಂ' ಎಂದೇ ಉತ್ತರ ಬರುತ್ತದೆ ಅಂದುಕೊಳ್ಳಿ. 'ಏನಾಯ್ತು, ಮೊದಲಿಂದ ಹೇಳಿ' ಎಂದು ಬಿಟ್ಟುಬಿಡಿ. ಅವರ ಮಾತನ್ನು ಅವರದೇ ಪದಗಳಲ್ಲಿ ಬರೆಯಿರಿ. 'ದಮ್ಮು' ಅಂದದ್ದನ್ನು ನೀವು 'ಅಸ್ತಮಾ' ಮಾಡಬೇಡಿ.

ಹೆಚ್ಚು ದಾರಿ ತಪ್ಪಿಸುವ ಪದ 'ಗ್ಯಾಸ್'. ಎಲ್ಲಿ ಕೈ ಇಟ್ಟುಕೊಂಡರು, ತೋರಿಸಿ ಎನ್ನಿ. ಅಂಗೈಯನ್ನೋ ಮುಷ್ಟಿಯನ್ನೋ ಎದೆಯ ನಡುವೆ ಒತ್ತಿ ತೋರಿಸಿದರೆ ಹೃದಯದ ನೋವಿನ ಸುಳಿವು, ಒಂದೇ ಬೆರಳಿನಿಂದ ಪಕ್ಕೆ ತೋರಿಸಿದರೆ ಬೇರೆ ಕಾರಣವಿರಬಹುದು. ಸೋಡಾ ಕುಡಿದ ಮೇಲೆ ಇಳಿಯಿತೇ? ಅಂಗಿ ನೆನೆಯುವಷ್ಟು ಬೆವರಿದರೇ? ಎಡತೋಳು, ದವಡೆ, ಬೆನ್ನಿಗೆ ಹರಿಯಿತೇ? ಜೋರು ನೋವು ಅರ್ಧ ಗಂಟೆ ಮೀರಿ, 24 ಗಂಟೆಯೊಳಗೆ ಸಾವಾಗಿದ್ದರೆ ಹೃದಯಾಘಾತದ ಕಡೆ ತೂಕ ಹೆಚ್ಚು. ಗಡಿಯಾರ ಯಾರೂ ನೋಡಿರುವುದಿಲ್ಲ. ಡೇರಿಗೆ ಹಾಲು ಹಾಕಿ ಬಂದ ಮೇಲೋ, ಧಾರಾವಾಹಿ ಮುಗಿದ ಮೇಲೋ ಎಂದು ಕೇಳಿ. ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆ ಬರೀ ಬೆವರು, ಏದುಸಿರು, ವಾಂತಿ ಇದ್ದಿರಬಹುದು.

ತಿಂಗಳುಗಟ್ಟಲೆ ಕಾಲು ಊದಿ, ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತಿತ್ತು, ಎರಡು ಮೂರು ದಿಂಬಿಲ್ಲದೆ ಮಲಗಲಾಗುತ್ತಿರಲಿಲ್ಲ ಎಂದರೆ ಅದು ಹೃದಯ ವೈಫಲ್ಯದ ಚಿತ್ರ. ಚಿಕ್ಕ ವಯಸ್ಸಿನವರಾದರೆ ಬಾಲ್ಯದಲ್ಲಿ ಕೀಲು ಬಾವು, ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಇತ್ತೇ ಕೇಳಿ. ಅದು ಹೃದಯದ ಕವಾಟ ಕೆಡಿಸುವ ರುಮ್ಯಾಟಿಕ್ ಕಾಯಿಲೆಯ ಸುಳಿವು. ಒಂದು ಕಡೆ ಕೈಕಾಲು ಬಿದ್ದು ಮಾತು ತೊದಲಿದ್ದರೆ ಲಕ್ವದ ಕಡೆ ನೋಡಿ.

ಮಾತ್ರೆ ಡಬ್ಬಿ ತರಿಸಿ. ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಇದ್ದರೆ ಹಳೆಯ ಹೃದಯ ತೊಂದರೆಯ ಗುರುತು. ಕೊಲೆಸ್ಟ್ರಾಲ್ ಇಳಿಸುವ ಅಟೋರ್ವಾಸ್ಟಾಟಿನ್ ಒಂದೇ ಇದ್ದರೆ ಏನೂ ಸಾಬೀತಾಗದು, ಸಕ್ಕರೆಯವರಿಗೂ ಕೊಡುತ್ತಾರೆ. ಸ್ಟ್ರಿಪ್‌ನಲ್ಲಿ ಎಷ್ಟು ಉಳಿದಿವೆ ಎಣಿಸಿ. ನಡುವೆ ನಿಲ್ಲಿಸಿದ್ದು ಅಲ್ಲೇ ಗೊತ್ತಾಗುತ್ತದೆ. ಇಸಿಜಿ ಸಿಕ್ಕರೆ ಫೋಟೋ ತೆಗೆಯಿರಿ. ಅದು ಥರ್ಮಲ್ ಕಾಗದ, ಮಾಸಿಹೋಗುತ್ತದೆ. ಲ್ಯಾಮಿನೇಟ್ ಮಾಡಿಸಿದರೆ ಬಿಸಿಗೆ ಕಪ್ಪಾಗುತ್ತದೆ.

ಹೃದಯದ ಮೇಲೆ ಹೊರಿಸುವ ಬೇರೆ ಸಾವುಗಳೂ ಇವೆ. ನೆಲದ ಮೇಲೆ ಮಲಗಿದ್ದು, ನಸುಕಿನಲ್ಲಿ ಹೊಟ್ಟೆನೋವು, ರೆಪ್ಪೆ ಜೋತುಬಿದ್ದಿದ್ದರೆ ಕಟ್ಟುಹಾವನ್ನು ಶಂಕಿಸಿ, ಅದರ ಕಡಿತ ಹೆಚ್ಚಾಗಿ ನೋಯುವುದಿಲ್ಲ. ಬಾಯಲ್ಲಿ ನೊರೆ, ಔಷಧಿ ವಾಸನೆ ಕೀಟನಾಶಕದ್ದು. ಇದನ್ನು ಕೊನೆಗೆ, ಒಬ್ಬರೇ ಇದ್ದಾಗ, ಮೆಲ್ಲಗೆ ಕೇಳಿ.

ವೈದ್ಯರು ನಮೂನೆಯ ಕಾರಣದ ಸಾಲಿನಲ್ಲಿ 'ಹೃದಯ ಸ್ತಂಭನ' ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಸತ್ತವರೆಲ್ಲರ ಹೃದಯವೂ ನಿಂತಿರುತ್ತದೆ. ಉದಾಹರಣೆಗೆ, ಮೊದಲ ಸಾಲಿನಲ್ಲಿ ತೀವ್ರ ಹೃದಯಾಘಾತ, 2 ಗಂಟೆ. ಕೆಳಗೆ ಹೃದಯ ರಕ್ತನಾಳದ ಕಾಯಿಲೆ, 4 ವರ್ಷ. ಸಾವಿಗೆ ನೆರವಾದ ಬೇರೆ ಕಾಯಿಲೆ ಬರೆಯುವ ಎರಡನೇ ಭಾಗದಲ್ಲಿ ಮಧುಮೇಹ, ಹೀಗೆ ಅವಧಿಯೊಂದಿಗೆ ಸರಪಳಿ ಬರಬೇಕು. ಸುಳಿವೇ ಇಲ್ಲದಿದ್ದರೆ 'ಕಾರಣ ತಿಳಿದಿಲ್ಲ' ಎಂದೇ ಬರೆಯಲಿ.