ವಿಎಂ ಒಳಗೆ ಕೂತೇ ವಿಎಂ ಸಾಗಿಸಿದ್ದು

ಮಂಡ್ಯ ಹತ್ತಿರದ ಒಂದು ರೈಸ್ ಮಿಲ್ಲಿನ ಸರ್ವರ್ ಬದಲಾಯಿಸಲು ನಾನು ಹಿಡಿದ ದಾರಿ ಕೇಳಿ ಮೈಸೂರಿನ ಗೆಳೆಯರು ನಕ್ಕಿದ್ದರು. "ಅದು ಮೊದಲೇ ವಿಎಂ ಕಣೋ. ಅದರೊಳಗೆ ಡಿಸ್ಕ್‌ಟುವಿಎಚ್‌ಡಿ ಓಡಿಸ್ತೀನಿ ಅಂತೀಯಲ್ಲ, ತಲೆ ಕೆಟ್ಟಿದೆಯಾ?" (ವಿಎಂ ಅಂದರೆ ವರ್ಚುವಲ್ ಮಷೀನ್, ಒಂದು ಕಂಪ್ಯೂಟರಿನೊಳಗೆ ತಂತ್ರಾಂಶದಲ್ಲೇ ಓಡುವ ಇನ್ನೊಂದು ಕಂಪ್ಯೂಟರ್. ಡಿಸ್ಕ್‌ಟುವಿಎಚ್‌ಡಿ ಅಂದರೆ ಓಡುತ್ತಿರುವ ವಿಂಡೋಸ್‌ನ ಡಿಸ್ಕನ್ನು ವಿಎಂಗೆ ಹಾಕುವಂಥ ಫೈಲು ಮಾಡಿಕೊಡುವ ಟೂಲು; ಸಾಮಾನ್ಯವಾಗಿ ಅಸಲಿ ಮಷೀನನ್ನು ವಿಎಂ ಮಾಡಲು ಬಳಸುವುದು.) ಈಗ ಒಂದು ಸುಗ್ಗಿ ಪೂರ್ತಿ ಅದೇ ವಿಎಂನಿಂದ ತೂಕದ ಚೀಟಿ ಹೊಡೆದು ಮುಗಿದಿದೆ. ಇನ್ನು ಬರೆಯಬಹುದು.

ಹಳೆಯದು ಹದಿನಾಲ್ಕು ವರ್ಷದ ಟವರ್ ಸರ್ವರ್. ನಾಲ್ಕು 300 ಜಿಬಿ ಸ್ಯಾಸ್ ಡಿಸ್ಕ್, ರೇಡ್ 5 (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಜೋಡಣೆ), ಮೇಲೆ ವಿಎಂ ಓಡಿಸುವ ವಿಎಂವೇರ್ ತಂತ್ರಾಂಶ ಇಎಸ್‌ಎಕ್ಸ್‌ಐ 5.5, ಅದರ ಮೇಲೆ ವಿಂಡೋಸ್ ಸರ್ವರ್ 2008 ಆರ್2. ಒಳಗೆ ಟ್ಯಾಲಿ, ಜೊತೆಗೆ ಲಾರಿ ತೂಗುವ ವೇಬ್ರಿಡ್ಜ್ ಸಾಫ್ಟ್‌ವೇರ್. ಆ ಸಾಫ್ಟ್‌ವೇರ್ ಬರೆದವನ ಫೋನು ಈಗ ಹತ್ತುವುದಿಲ್ಲ, ಸೆಟಪ್ ಸಿಡಿ ಯಾರ ಬಳಿಯೂ ಇಲ್ಲ. ಹೊಸದಾಗಿ ಇನ್‌ಸ್ಟಾಲ್ ಮಾಡುವ ಮಾತು ಅಲ್ಲಿಗೇ ಮುಗಿಯಿತು. ಮುಚ್ಚಳ ಬಿಚ್ಚಿದರೆ ಹೀಟ್‌ಸಿಂಕಿನ ಸಂದಿಗಳಲ್ಲೆಲ್ಲ ತೌಡಿನ ಧೂಳು ಗಟ್ಟಿಯಾಗಿ ಕೂತಿತ್ತು, ಉಗುರಿನಲ್ಲಿ ಕೆರೆದರೆ ಬಿಲ್ಲೆಬಿಲ್ಲೆಯಾಗಿ ಏಳುತ್ತಿತ್ತು. ಮುಂದಿನ ಜಾಲರಿಯ ಮೇಲೆ ಆಯುಧಪೂಜೆಯ ಕುಂಕುಮ, ಅದರ ಹಿಂದೆ ಒಂದು ಡಿಸ್ಕಿನ ಲೈಟು ಕಿತ್ತಳೆ ಬಣ್ಣದಲ್ಲಿ ಮಿಣುಕುತ್ತಿತ್ತು.

ಬೆಂಗಳೂರಿನ ಒಬ್ಬ ವೆಂಡರ್ ಹೊಸ ಸರ್ವರ್, ಲೈಸೆನ್ಸ್, ಮೈಗ್ರೇಷನ್ ಎಲ್ಲ ಸೇರಿಸಿ ನಾಲ್ಕು ಲಕ್ಷದ ಹತ್ತಿರ ಕೊಟೇಷನ್ ಕೊಟ್ಟಿದ್ದ. ಯಜಮಾನರು ಆ ಕಾಗದ ನನ್ನ ಮುಂದೆ ಇಟ್ಟು, "ಶನಿವಾರ ರಾತ್ರಿ ಮಿಲ್ ನಿಲ್ಲುಸ್ತೀನಿ ಕಣಪ್ಪ. ಸೋಮವಾರ ಬೆಳಿಗ್ಗೆ ಭತ್ತದ ಲೋಡ್ ಬತ್ತವೆ. ಚೀಟಿ ಹೊಡಿಯಕ್ಕಾಗ್ಲಿಲ್ಲ ಅಂದ್ರೆ ಲಾರಿಯೋರು ನನ್ ಜೀವ ತಿಂತಾರೆ" ಅಂದರು.

ಹೊಸ ಪೆಟ್ಟಿಗೆಗೆ ಹಾಕಿದ್ದು ಪ್ರಾಕ್ಸ್‌ಮಾಕ್ಸ್, ಇಎಸ್‌ಎಕ್ಸ್‌ಐ ಥರ ವಿಎಂ ಓಡಿಸುವ ಇನ್ನೊಂದು ತಂತ್ರಾಂಶ. ಅದರಲ್ಲಿ 2024ರಿಂದ ಇಎಸ್‌ಎಕ್ಸ್‌ಐ ಇಂಪೋರ್ಟ್ ವಿಝಾರ್ಡ್ ಇದೆ, ಎಲ್ಲರಿಗೂ ಗೊತ್ತು. ಆದರೆ ಅದು 6.5ರಿಂದ ಮೇಲಿನವಕ್ಕೆ ಮಾಡಿದ್ದು. 5.5ಕ್ಕೆ ತೋರಿಸಿ ನೋಡಿದೆ, ನಡೆಯಲಿಲ್ಲ. ಎಸ್‌ಸಿಪಿಯಲ್ಲಿ ಫೈಲನ್ನೇ ನೆಟ್‌ವರ್ಕ್ ಮೇಲೆ ಕಾಪಿ ಹಾಕಿದರೆ ಸೆಕೆಂಡಿಗೆ 10 ಎಂಬಿ ದಾಟಲಿಲ್ಲ. ಮಿಲ್ಲಿನ ಸ್ವಿಚ್ಚು 100 ಎಂಬಿಪಿಎಸ್‌ನದು. ಎರಡು ಪೆಟ್ಟಿಗೆಗೂ ನೇರ ಕೇಬಲ್ ಎಳೆದ ಮೇಲೆ 25-30 ಬಂತು. ಅದರಲ್ಲೂ 400 ಜಿಬಿ ಥಿಕ್ (ಖಾಲಿ ಇದ್ದರೂ ಪೂರ್ತಿ ಜಾಗ ಹಿಡಿಯುವ) ಡಿಸ್ಕಿನ ಖಾಲಿ ಜಾಗವನ್ನೇ ಹೊರುತ್ತಾ ಕೂರಬೇಕು, ನಿಜವಾದ ಡೇಟಾ 140 ಜಿಬಿ ಇದ್ದೀತು. ಹೊಸ ಮಷೀನಿನ ಡಿಸ್ಕನ್ನು ಎನ್‌ಎಫ್‌ಎಸ್‌ನಲ್ಲಿ ನೆಟ್‌ವರ್ಕ್ ಮೇಲೆ ಹಂಚಿ, ಇಎಸ್‌ಎಕ್ಸ್‌ಐನಲ್ಲಿ ಡೇಟಾಸ್ಟೋರ್ ಆಗಿ ಹತ್ತಿಸಿ, ವಿಎಂಕೆಎಫ್‌ಎಸ್‌ಟೂಲ್ಸ್‌ನಲ್ಲಿ ಥಿನ್ ಕ್ಲೋನ್ (ಸೊನ್ನೆಗಳಷ್ಟೇ ಇರುವ ಜಾಗ ಬಿಟ್ಟು ಬರೆಯುವ ನಕಲು) ಹಾಕಿದೆ. ಚೆನ್ನಾಗಿ ಓಡಿತು. 80 ಪರ್ಸೆಂಟ್ ದಾಟಿದ ಮೇಲೆ ಇನ್‌ಪುಟ್-ಔಟ್‌ಪುಟ್ ಎರರ್. ಮತ್ತೆ ಹಾಕಿದರೂ ಅದೇ ಜಾಗ, ಅದೇ ಎರರ್. ಎಸ್‌ಪಿ ರೋಡಿನಿಂದ ಎರಡೂವರೆ ಸಾವಿರಕ್ಕೆ ಸೆಕೆಂಡ್‌ಹ್ಯಾಂಡ್ ಸ್ಯಾಸ್ ಡಿಸ್ಕ್ ತರಿಸಿ ರೀಬಿಲ್ಡ್ ಮಾಡಿದೆ. ಲೈಟು ಹಸಿರಾಯಿತು, ಎರರ್ ಮಾತ್ರ ಅಲ್ಲೇ ಕೂತಿತ್ತು. ಪಂಕ್ಚರ್ ಆದ ರೇಡ್ (ಡಿಸ್ಕ್ ಬದಲಿಸಿದರೂ ಕೆಟ್ಟ ಬ್ಲಾಕು ಹಾಗೇ ಉಳಿದುಬಿಡುವುದು) ನೋಡಿದವರಿಗೆ ಈ ಕಥೆ ಗೊತ್ತು. ಒಂದು ವಾರಾಂತ್ಯ ಅಲ್ಲಿಗೇ ಹೋಯಿತು.

ಒಂದು ಸೂಕ್ಷ್ಮ ಇದೆ, ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಕ್ಲೋನ್ ಸಾಯುತ್ತಿತ್ತು ನಿಜ, ಆದರೆ ವಿಂಡೋಸ್ ಒಳಗೆ ಒಂದೇ ಒಂದು ಫೈಲೂ ಕೆಟ್ಟಿರಲಿಲ್ಲ. ಚೆಕ್‌ಡಿಸ್ಕ್ ಶುದ್ಧ, ಡೇಟಾಬೇಸ್ ಎಸ್‌ಕ್ಯೂಎಲ್‌ನ ಚೆಕ್‌ಡಿಬಿ ಶುದ್ಧ. ಅಂದರೆ ಕೆಟ್ಟ ಬ್ಲಾಕುಗಳು ಇರುವುದು ಖಾಲಿ ಜಾಗದಲ್ಲಿ. ಹೊರಗಿನಿಂದ ಓದುವ ಇಎಸ್‌ಎಕ್ಸ್‌ಐಗೆ ಯಾವುದು ಖಾಲಿ, ಯಾವುದು ತುಂಬಿದ್ದು ಗೊತ್ತಾಗುವುದಿಲ್ಲ. ಒಳಗಿರುವ ವಿಂಡೋಸ್‌ಗೆ ಗೊತ್ತು. ಅದಕ್ಕೇ ಡಿಸ್ಕ್‌ಟುವಿಎಚ್‌ಡಿ. ಅದು ವಿಎಸ್‌ಎಸ್ ಸ್ನ್ಯಾಪ್‌ಶಾಟ್ (ಡಿಸ್ಕಿನ ಆ ಕ್ಷಣದ ಸ್ಥಿರ ಚಿತ್ರ) ತೆಗೆದು ಬಳಕೆಯಲ್ಲಿರುವ ಜಾಗವನ್ನಷ್ಟೇ ಓದುತ್ತದೆ, ಪೇಜ್‌ಫೈಲನ್ನೂ ಬಿಡುತ್ತದೆ. ಕೆಟ್ಟ ಬ್ಲಾಕು ಫೈಲಿನೊಳಗೇ ಇದ್ದಿದ್ದರೆ ಈ ದಾರಿಯೂ ಮುಚ್ಚುತ್ತಿತ್ತು, ಅದು ಬೇರೆ ಮಾತು.

ಮುಂದಿನ ಶನಿವಾರ ರಾತ್ರಿ ಎಸ್‌ಕ್ಯೂಎಲ್ ಸರ್ವಿಸ್ ನಿಲ್ಲಿಸಿ, ವಿಎಂವೇರ್ ಟೂಲ್ಸ್ ಕಿತ್ತುಹಾಕಿ (ಅದು ಇಎಸ್‌ಎಕ್ಸ್‌ಐಗೆಂದೇ ಇರುವ ಡ್ರೈವರ್ ಗಂಟು, ಸಾಗಿಸಿದ ಮೇಲೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ), ಹೊಸ ಮಷೀನಿನ ಸಾಂಬಾ ಶೇರಿಗೆ (ವಿಂಡೋಸ್‌ಗೆ ಕಾಣುವ ನೆಟ್‌ವರ್ಕ್ ಫೋಲ್ಡರು) ನೇರವಾಗಿ ಬರೆಸಿದೆ. 2008 ಆರ್2 ಎಸ್‌ಎಂಬಿ 2.1 (ಆ ಫೋಲ್ಡರ್ ಹಂಚಿಕೆಯ ಭಾಷೆ) ಮಾತಾಡುವುದರಿಂದ ಅಲ್ಲಿ ತಕರಾರಿಲ್ಲ. ಸಿಸ್ಟಮ್ ರಿಸರ್ವ್ಡ್ ಅನ್ನುವ 100 ಎಂಬಿ ಪಾರ್ಟಿಷನ್ನಿಗೂ ಟಿಕ್ ಹಾಕಿ, ಮರೆತರೆ ಬೂಟ್ ಆಗಲ್ಲ. ಒಂದು ಗಂಟೆಯ ಮೇಲೆ ಸ್ವಲ್ಪ ಹಿಡಿಯಿತು. ರೈಟರ್ ತರಿಸಿದ್ದ ಮದ್ದೂರು ವಡೆ ಖಾಲಿಯಾಗುವಷ್ಟರಲ್ಲಿ ಫೈಲು ಈ ಕಡೆ ಬಂದಿತ್ತು.

ಬೂಟ್ ವಿಷಯ ಬೇಗ ಹೇಳಿಬಿಡುತ್ತೇನೆ. ವಿಎಂಗೆ ಬಯೋಸ್ ಸೀಬಯೋಸ್, ಡಿಸ್ಕು ಮೊದಲು ಹಳೇ ಕಾಲದ ಐಡಿಇ. ಹಳೇ ವಿಎಂನ ಸಿಡಿ ಡ್ರೈವ್ ಐಡಿಇ ಆಗಿದ್ದರಿಂದ ಆ ಡ್ರೈವರ್ ಜೀವಂತ ಇತ್ತು, 7ಬಿ (ಬೂಟ್ ಡಿಸ್ಕ್ ಸಿಗಲಿಲ್ಲ ಅನ್ನುವ) ನೀಲಿ ಪರದೆ ಬರಲಿಲ್ಲ. ಆಮೇಲೆ 1 ಜಿಬಿಯ ದಂಡದ ಡಿಸ್ಕೊಂದನ್ನು ವರ್ಟ್‌ಐಒ ಸ್ಕಸಿಯಲ್ಲಿ (ವಿಎಂಗಳಿಗೆಂದೇ ಮಾಡಿದ ವೇಗದ ಡಿಸ್ಕ್ ದಾರಿ) ಸೇರಿಸಿ, ಡ್ರೈವರ್ ಕೂರಿಸಿ, ಆಫ್ ಮಾಡಿ, ಅಸಲಿ ಡಿಸ್ಕನ್ನೂ ಅತ್ತ ಬದಲಾಯಿಸಿದೆ. 2008 ಆರ್2ಗೆ ಡ್ರೈವರ್ ಐಎಸ್‌ಒ 0.1.173 ಇಟ್ಟುಕೊಳ್ಳಿ, ಹೊಸದಕ್ಕೆ ಸಹಿ ತಕರಾರು ತೆಗೆಯುತ್ತದೆ. ಮ್ಯಾಕ್ ಅಡ್ರೆಸ್ ಹಳೆಯದನ್ನೇ ಕೊಟ್ಟೆ.

ನಿಜವಾದ ತಲೆನೋವು ಡಿಸ್ಕಲ್ಲ, ಡಾಂಗಲ್ ಮತ್ತು ತೂಕದ ಕೇಬಲ್. ಹ್ಯಾಸ್ಪ್ ಡಾಂಗಲ್ (ಸಾಫ್ಟ್‌ವೇರಿನ ಲೈಸೆನ್ಸ್ ಕಾಯುವ ಯುಎಸ್‌ಬಿ ಕೀಲಿ) 0529:0001 ಅಂತ ಕಾಣಿಸಿತು, ಪಾಸ್‌ಥ್ರೂನಲ್ಲಿ ನೇರವಾಗಿ ವಿಎಂಗೆ ಕೊಟ್ಟರೂ ವಿಂಡೋಸ್ ಕಣ್ಣಿಗೆ ಬೀಳಲಿಲ್ಲ. ಯುಎಸ್‌ಬಿ 3 ಟಿಕ್ ತೆಗೆದ ಮೇಲೆ ಬಿತ್ತು, ಏಕೆಂದರೆ ಆ ಕಾಲದ ವಿಂಡೋಸ್‌ನಲ್ಲಿ ಯುಎಸ್‌ಬಿ 3 ಡ್ರೈವರೇ ಇಲ್ಲ. ವೇಬ್ರಿಡ್ಜ್ ಇಂಡಿಕೇಟರ್ ಸೀರಿಯಲ್‌ನಲ್ಲಿ 2400 ಬಾಡ್. ಮುನ್ನೂರು ರೂಪಾಯಿಯ ಯುಎಸ್‌ಬಿ ಕನ್ವರ್ಟರ್ ಹಾಕಿದರೆ, ಮಿಲ್ಲಿನ ದೊಡ್ಡ ಮೋಟರ್ ಚಾಲೂ ಆದ ಕ್ಷಣ ತೂಕ ಅಲ್ಲೇ ಹೆಪ್ಪುಗಟ್ಟುತ್ತಿತ್ತು: ಲಾರಿ ಇಳಿದು ಹೋದರೂ ಪರದೆಯಲ್ಲಿ ಲಾರಿಯ ತೂಕ. ಅದನ್ನು ಎಸೆದು, ಮದರ್‌ಬೋರ್ಡಿನ ಕಾಮ್ ಹೆಡರಿಗೆ ನೂರೈವತ್ತು ರೂಪಾಯಿಯ ಬ್ರಾಕೆಟ್ ಹಾಕಿ, ಆ ಪೋರ್ಟನ್ನೇ ವಿಎಂಗೆ ಕೊಟ್ಟೆ. ಮುಕ್ಕಾಲು ಪಾಲು ಸರಿಹೋಯಿತು. ಉಳಿದ ಕಾಲು ಪಾಲಿಗೆ ಕೇಬಲ್ಲಿನಲ್ಲೇ ಒಂದು ಕೈಚಳಕ ಮಾಡಿದ್ದೇನೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯಲ್ಲ.

ನಡುವೆ ಒಂದು ಚಟಕ್ಕೆ ಅದೇ ಫೈಲನ್ನು ಮನೆಯ ಹಳೇ ಐ5 ಲ್ಯಾಪ್‌ಟಾಪಿನಲ್ಲಿ ಪ್ರಾಕ್ಸ್‌ಮಾಕ್ಸ್ ಹಾಕಿ ಎಬ್ಬಿಸಿದೆ. ಹಳೇ ಸರ್ವರಿಗಿಂತ ಅರ್ಧ ಹೊತ್ತಿನಲ್ಲಿ ಲಾಗಿನ್ ಪರದೆ ಬಂತು. ಯಜಮಾನರಿಗೆ ತೋರಿಸಿದ್ದೇ ತಪ್ಪಾಯಿತು. "ಹಂಗಾದ್ರೆ ಈ ಲ್ಯಾಪ್‌ಟಾಪೇ ಸಾಕಲ್ಲಪ್ಪ" ಅಂತ ಶುರುಮಾಡಿದರು.

ಖರ್ಚು: ಇಸಿಸಿ (ತಪ್ಪು ತಾನೇ ತಿದ್ದಿಕೊಳ್ಳುವ) ರ್‍ಯಾಮಿನ ರೈಜೆನ್ ಪೆಟ್ಟಿಗೆ, ಎರಡು 960 ಜಿಬಿ ಎಂಟರ್‌ಪ್ರೈಸ್ ಎಸ್‌ಎಸ್‌ಡಿ ಝಡ್‌ಎಫ್‌ಎಸ್ ಮಿರರ್ (ಎರಡರಲ್ಲೂ ಒಂದೇ ಡೇಟಾ), ಧೂಳಿಗೆ ಫಿಲ್ಟರ್, ಎಲ್ಲ ಸೇರಿ ₹95,000 ಆಸುಪಾಸು. ಹಳೆಯದು ಸುಮಾರು 250 ವ್ಯಾಟ್ ಕುಡಿಯುತ್ತಿತ್ತು, ಇದು 60. ತಿಂಗಳಿಗೆ 130 ಯೂನಿಟ್ ಮೇಲೆ ಉಳಿತಾಯ. ನನ್ನ ಕೂಲಿ ₹18,000 ಹೇಳಿದ್ದೆ. ಚೌಕಾಸಿ ಮಾಡಿ ₹15,000 ಮತ್ತು ಒಂದು ಮೂಟೆ ಸೋನಾ ಮಸೂರಿಗೆ ಇಳಿಸಿದರು. 2008 ಆರ್2ಗೆ 2020ರ ಜನವರಿಗೇ ಬೆಂಬಲ ನಿಂತಿದೆ ಅಂತ ಯಾರಾದರೂ ಹೇಳುವ ಮುಂಚೆ ನಾನೇ ಹೇಳುತ್ತೇನೆ: ಆ ವಿಎಂಗೆ ಗೇಟ್‌ವೇ ಕೊಟ್ಟಿಲ್ಲ, ಇಂಟರ್‌ನೆಟ್ ಮುಖವನ್ನೇ ಅದು ನೋಡುವುದಿಲ್ಲ. ದಿನವೂ ರಾತ್ರಿ ಬ್ಯಾಕಪ್ ಬೇರೆ ಡಿಸ್ಕಿಗೆ ಹೋಗುತ್ತದೆ.

ಈಗ ಸಿಸಿಟಿವಿ ರೆಕಾರ್ಡಿಂಗನ್ನೂ ಅದೇ ಪೆಟ್ಟಿಗೆಗೆ ಹಾಕು ಅಂತ ಯಜಮಾನರು ಹಿಂದೆ ಬಿದ್ದಿದ್ದಾರೆ. ಆ ಎಸ್‌ಎಸ್‌ಡಿಗಳ ಮೇಲೆ ಹಾಕಲ್ಲ ಅಂದಿದ್ದೇನೆ, ಬೇರೆ ಹಾರ್ಡ್‌ಡಿಸ್ಕಿಗೆ ದುಡ್ಡು ಬಿಚ್ಚಿದರೆ ನೋಡೋಣ.